ಒಂದೇ ಪ್ಯಾಕೆಟ್ ಕೋಕೋ ಪೌಡರ್, ಕುಡಿಯೋಕೂ ಆಯ್ತು ಅಡುಗೆಗೂ ಆಯ್ತು: ಕೈಯಲ್ಲಿ ಕಾಸು ಕಮ್ಮಿ ಇರೋ ಸ್ಟೂಡೆಂಟ್ಸ್‌ಗೆ

ಹಾಸ್ಟೆಲ್ ಸೇರಿದ ಮೊದಲನೇ ಸೆಮಿಸ್ಟರಲ್ಲಿ ರಾತ್ರಿ ಓದೋಕೆ ಕೂತಾಗ ಬಿಸಿಬಿಸಿ ಚಾಕೊಲೇಟ್ ಹಾಲು ಕುಡಿಯೋಣ ಅಂತ ದೊಡ್ಡ ಡಬ್ಬಿ ಡ್ರಿಂಕಿಂಗ್ ಚಾಕೊಲೇಟ್ ತಂದಿಟ್ಕೊಂಡಿದ್ದೆ. ಲೋಟಕ್ಕೆ ಮೂರು ಚಮಚ ಹಾಕಿದ್ರೂ ಸಿಹಿ ಬಿಟ್ರೆ ಬೇರೆ ರುಚಿನೇ ಇರ್ತಿರಲಿಲ್ಲ, ಹತ್ತು ಹನ್ನೆರಡು ದಿನಕ್ಕೆ ಡಬ್ಬಿ ತಳ ಕಂಡುಬಿಡ್ತು. ಆವಾಗ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದೆ, ಮೊದಲನೇ ಹೆಸರೇ ಸಕ್ಕರೆ. ಪದಾರ್ಥಗಳ ಪಟ್ಟೀಲಿ ಯಾವುದು ತೂಕದಲ್ಲಿ ಜಾಸ್ತಿ ಇರುತ್ತೋ ಅದನ್ನ ಮೊದಲು ಬರೀಬೇಕು, ಅಂದ್ರೆ ನಾನು ಅಷ್ಟು ದಿನ ಕೋಕೋ ಬೆಲೆ ಕೊಟ್ಟು ಸಕ್ಕರೆ ತಗೊಂಡಿದ್ದೆ. ಆಮೇಲೆ ಸಕ್ಕರೆ ಇಲ್ಲದ ಪ್ಲೇನ್ ಕೋಕೋ ಪೌಡರ್ ತಂದೆ, ಬಿಸಿ ಹಾಲಿಗೆ ಹಾಗೇ ಸುರಿದೆ, ಮೇಲೆಲ್ಲ ಗಂಟು ತೇಲಿ ಆ ಲೋಟ ಸಿಂಕಿಗೇ ಹೋಯ್ತು. ಈ ಎರಡು ತಪ್ಪು ನೀವು ಮಾಡದೇ ಇದ್ರೆ ಕೋಕೋ ಅನ್ನೋದು ಸ್ಟೂಡೆಂಟ್ ಕೈಗೆ ಎಟುಕೋ ಪದಾರ್ಥನೇ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ಏನು ತಗೋಬೇಕು

ಕೋಕೋ ಹಣ್ಣಿನ ಒಳಗಿನ ಬೀಜನ ತಿರುಳಿನ ಜೊತೆಗೇ ಕೆಲವು ದಿನ ಹುದುಗಿಸ್ತಾರೆ, ಒಣಗಿಸ್ತಾರೆ, ಹುರೀತಾರೆ, ಸಿಪ್ಪೆ ತೆಗೀತಾರೆ. ಸಿಪ್ಪೆ ತೆಗೆದ ತುಂಡುಗಳೇ ನಿಬ್ಸ್. ನಿಬ್ಸ್‌ನ ಅರೆದ್ರೆ ಬರೋ ಗಟ್ಟಿ ಮುದ್ದೆ ಕೋಕೋ ಮಾಸ್, ಅದರಲ್ಲಿ ಹತ್ತಿರಹತ್ತಿರ ಅರ್ಧ ಭಾಗ ಕೊಬ್ಬೇ ಇರುತ್ತೆ, ಆ ಕೊಬ್ಬಿಗೆ ಕೋಕೋ ಬಟರ್ ಅಂತಾರೆ. ಮಾಸ್‌ನ ಒತ್ತಿ ಬಟರ್ ಹೊರಗೆ ತೆಗೆದಾಗ ಉಳಿಯೋ ಹಿಂಡಿಯನ್ನ ಪುಡಿ ಮಾಡಿದ್ರೆ ಅದೇ ಕೋಕೋ ಪೌಡರ್. ನೆದರ್ಲೆಂಡ್ಸ್‌ನ ವಾನ್ ಹೌಟನ್ ಕುಟುಂಬದವರು 1828ರಲ್ಲಿ ಈ ಒತ್ತೋ ವಿಧಾನಕ್ಕೆ ಪೇಟೆಂಟ್ ತಗೊಂಡ್ರು. ಬೆಲೆಬಾಳೋ ಬಟರ್ ಚಾಕೊಲೇಟ್ ಮಾಡೋರಿಗೆ, ಕ್ರೀಮ್ ಮಾಡೋರಿಗೆ ಹೋಗುತ್ತೆ, ರುಚಿ ಬಣ್ಣ ಕಹಿ ಎಲ್ಲಾ ಪುಡೀಲಿ ಉಳಿಯುತ್ತೆ. ನಮಗೆ ಬೇಕಿರೋದು ಅದೇ, ಒಂದು ಚಮಚದಲ್ಲಿ ಸಿಗೋ ಕೋಕೋ ರುಚಿಗೆ ಇದರಷ್ಟು ಅಗ್ಗವಾದ ರೂಪ ಇನ್ನೊಂದಿಲ್ಲ.

ಪ್ಯಾಕೆಟ್ ಹಿಂದೆ ಒಂದೇ ಪದಾರ್ಥದ ಹೆಸರಿರಬೇಕು, ಕೋಕೋ ಪೌಡರ್ ಅಂತ. ಜೊತೆಗೆ ಆಮ್ಲೀಯತೆ ನಿಯಂತ್ರಕ ಅಂತ ಇದ್ರೆ ಗಾಬರಿ ಆಗ್ಬೇಡಿ, ಅದು ಡಚ್ ಪ್ರೋಸೆಸ್ ಮಾಡಿದ ಪುಡಿ, ಹೆಚ್ಚಾಗಿ ಪೊಟ್ಯಾಷಿಯಂ ಕಾರ್ಬೋನೇಟ್ ಥರದ ಕ್ಷಾರ ಬಳಸಿ ಹುಳಿ ಇಳಿಸಿರ್ತಾರೆ. ನ್ಯಾಚುರಲ್ ಪುಡಿ ತಿಳಿ ಕಂದು, ಸ್ವಲ್ಪ ಹುಳಿ ಒಗರು, ಪಿಎಚ್ (ಹುಳಿ ಅಳೆಯೋ ಸಂಖ್ಯೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) ಐದೂವರೆ ಆಸುಪಾಸು. ಡಚ್ ಪುಡಿ ಗಾಢ ಕಂದು, ರುಚಿ ಮೆತ್ತಗೆ, ಪಿಎಚ್ 7ರ ಹತ್ತಿರ. ಕುಡಿಯೋಕೆ ಯಾವುದಾದ್ರೂ ನಡೆಯುತ್ತೆ, ಡಚ್ ಪುಡಿ ಸಕ್ಕರೆ ಕಮ್ಮಿ ಕೇಳುತ್ತೆ. ಕೇಕಿಗೆ ಮಾತ್ರ ವ್ಯತ್ಯಾಸ ಇದೆ, ಮುಂದೆ ಹೇಳ್ತೀನಿ.

ಕೊಬ್ಬಿನ ಅಂಶನೂ ಒಮ್ಮೆ ನೋಡಿ. ಸಾಮಾನ್ಯ ಪುಡೀಲಿ ನೂರಕ್ಕೆ 10ರಿಂದ 12 ಭಾಗ ಕೊಬ್ಬಿರುತ್ತೆ, ಹೈ ಫ್ಯಾಟ್ ಅನ್ನೋದರಲ್ಲಿ 20ರಿಂದ 22. ಎರಡನೇದು ಬಾಯಲ್ಲಿ ತುಂಬ್ಕೊಂಡ ಹಾಗಿರುತ್ತೆ, ಬೆಲೆನೂ ಜಾಸ್ತಿ. ಕಮ್ಮಿ ಕೊಬ್ಬಿನದನ್ನ ತಗೊಂಡು ಅರ್ಧ ಚಮಚ ಬೆಣ್ಣೆ ಹಾಕ್ಕೊಂಡ್ರೆ ಅಂತರ ಬಹಳಷ್ಟು ಮುಚ್ಚಿಹೋಗುತ್ತೆ.

ರಾ ಕಕಾವೊ, ಸೆರಿಮೋನಿಯಲ್ ಕಕಾವೊ ಅಂತ ಬರೆದು ಮೂರು ನಾಲ್ಕು ಪಟ್ಟು ಬೆಲೆ ಹಾಕಿರೋದನ್ನ ನೋಡಿರ್ತೀರ. ಕಕಾವೊ ಕೋಕೋ ಎರಡೂ ಒಂದೇ ಮರದ್ದು. ಸೆರಿಮೋನಿಯಲ್ ಅಂದ್ರೆ ಸಾಮಾನ್ಯವಾಗಿ ಬಟರ್ ತೆಗೀದೇ ಅರೆದ ಅದೇ ಕೋಕೋ ಮಾಸ್, ರುಚಿ ದಟ್ಟವಾಗಿರುತ್ತೆ, ಅದರಲ್ಲಿ ಸುಳ್ಳಿಲ್ಲ. ಆದ್ರೆ ಒಂದು ಕಪ್ಪಿಗೆ 20 ಗ್ರಾಂ ಮೇಲೇ ಬೇಕಾಗುತ್ತೆ, ಪೌಡರ್ 7 ಗ್ರಾಂ ಸಾಕು. ಯಾವುದೇ ಪ್ಯಾಕೆಟ್ ಕೈಗೆ ತಗೊಂಡ್ರೂ ಈ ಲೆಕ್ಕ ಮಾಡಿ: ಬೆಲೆನ ಗ್ರಾಮಿಂದ ಭಾಗಿಸಿ, ಒಂದು ಕಪ್ಪಿಗೆ ಬೇಕಾಗೋ ಗ್ರಾಮಿಂದ ಗುಣಿಸಿ. ಸಕ್ಕರೆ ಬೆರೆಸಿದ ಮಿಕ್ಸ್ ಆದ್ರೆ ಇನ್ನೊಂದು ಹೆಜ್ಜೆ ಇದೆ, 100 ಗ್ರಾಮಿಗೆ 70 ಗ್ರಾಂ ಸಕ್ಕರೆ ಅಂತ ಹಿಂದೆ ಬರೆದಿದ್ರೆ ಉಳಿದ 30 ಗ್ರಾಮಲ್ಲೇ ಕೋಕೋ, ಹಾಲಿನಪುಡಿ ಎಲ್ಲಾ ಸೇರಿದೆ ಅಂತ ಅರ್ಥ. ಈ ಲೆಕ್ಕ ಹಾಕಿದ ಮೇಲೆ ನಾನು ಮಿಕ್ಸ್ ಡಬ್ಬಿ ಮತ್ತೆ ಮುಟ್ಟಿಲ್ಲ.

ಕೋಕೋ ಬೆಲೆ 2024ರಲ್ಲಿ ಯಾಕೆ ಅಷ್ಟು ಏರ್ತು ಅಂತ ಕೇಳೋರಿಗೆ: ಪ್ರಪಂಚದ ಅರ್ಧಕ್ಕಿಂತ ಜಾಸ್ತಿ ಕೋಕೋ ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶದಿಂದ ಬರುತ್ತೆ. ಅಲ್ಲಿ ಹವಾಮಾನ ಕೈಕೊಟ್ಟು, ಗಿಡಗಳಿಗೆ ರೋಗ ಬಿದ್ದು ಬೆಳೆ ಕುಸಿದಾಗ 2024ರ ಡಿಸೆಂಬರಲ್ಲಿ ನ್ಯೂಯಾರ್ಕ್ ಮಾರುಕಟ್ಟೇಲಿ ಟನ್ನಿಗೆ 12,000 ಡಾಲರ್ ದಾಟಿತ್ತು, 2025ರಲ್ಲಿ ಇಳೀತು. ಬೆಲೆ ಏರಿದಾಗ ಎಷ್ಟೋ ಪ್ಯಾಕೆಟ್ ಚಿಕ್ಕದಾಗುತ್ತೆ, ಮಿಕ್ಸಲ್ಲಿ ಕೋಕೋ ಪಾಲು ಕಮ್ಮಿ ಆಗುತ್ತೆ, ಹಾಗಾಗಿ ಹಳೇ ಬ್ರ್ಯಾಂಡ್ ಅಂತ ಕಣ್ಮುಚ್ಚಿ ತಗೋಬೇಡಿ, ಪ್ರತಿ ಸಲ ಹಿಂದೆ ತಿರುಗಿಸಿ ಓದಿ.

ಗಂಟು ಇಲ್ಲದ ಒಂದು ಕಪ್ ಕೋಕೋ

ಇದೊಂದು ಕಲಿತ್ರೆ ಉಳಿದದ್ದೆಲ್ಲಾ ಸಲೀಸು, ಅದಕ್ಕೆ ನಿಧಾನಕ್ಕೆ ಹೇಳ್ತೀನಿ.

ಪುಡೀಲಿ ಕೊಬ್ಬಿರೋದ್ರಿಂದ ಅದು ನೀರಿಗೆ ಅಷ್ಟು ಬೇಗ ಒಗ್ಗಲ್ಲ. ಹಾಲಿನ ಮೇಲೆ ಸುರಿದ ತಕ್ಷಣ ಗುಡ್ಡೆಯ ಹೊರಮೈ ಮಾತ್ರ ಒದ್ದೆ ಆಗಿ ಅಂಟ್ಕೊಳ್ಳುತ್ತೆ, ಒಳಗೆ ಒಣಪುಡಿ ಹಾಗೇ ಉಳಿಯುತ್ತೆ, ಗಂಟು ಅಂದ್ರೆ ಅದೇ. ಇನ್ನು ಎಷ್ಟು ಕಲಕಿದ್ರೂ ಅಷ್ಟೇ.

1. ಖಾಲಿ, ಒಣಗಿರೋ ಲೋಟಕ್ಕೆ ಒಂದು ದೊಡ್ಡ ಚಮಚ ತುಂಬ ಕೋಕೋ ಹಾಕಿ, ಸುಮಾರು 7 ಗ್ರಾಂ. ಎರಡು ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಒಣದರಲ್ಲೇ ಚೆನ್ನಾಗಿ ಬೆರೆಸಿ. ಸಕ್ಕರೆ ಹರಳು ಪುಡಿ ಮಧ್ಯೆ ಸೇರ್ಕೊಂಡು ಅದನ್ನ ಬಿಡಿಬಿಡಿಯಾಗಿ ಇಡುತ್ತೆ. ಉಪ್ಪು ಕಹಿನ ತಗ್ಗಿಸುತ್ತೆ, ಇದನ್ನ ಬಿಡಬೇಡಿ.

2. ಕುದಿಯೋ ನೀರು ಮೊದಲಿಗೆ ಎರಡು ಚಮಚ ಮಾತ್ರ ಹಾಕಿ, ಚಮಚದ ಬೆನ್ನಿಂದ ಲೋಟದ ಗೋಡೆಗೆ ಒತ್ತಿ ಒತ್ತಿ ತಿಕ್ಕಿ. ಮೊದಲು ಒಣಮಣ್ಣಿನ ಹಾಗೆ ಉದುರುದುರಾಗಿರುತ್ತೆ, ಇನ್ನೊಂದು ಚಮಚ ನೀರು ಬಿದ್ದ ಮೇಲೆ ಒಮ್ಮೆಗೇ ಹೊಳಪು ಬಂದು ಕನ್ನಡಿ ಥರ ಮಿನುಗುತ್ತೆ, ಚಮಚ ಎತ್ತಿದ್ರೆ ದಾರದ ಹಾಗೆ ಇಳಿಯುತ್ತೆ. ಆ ಹೊಳಪು ಬರೋವರೆಗೂ ಹಾಲು ಮುಟ್ಟಲೇಬೇಡಿ. ರೂಮ್ ತುಂಬ ಚಾಕೊಲೇಟ್ ವಾಸನೆ ಏಳೋದೂ ಇದೇ ಹೊತ್ತಿಗೆ, ಬಿಸಿನೀರು ತಾಗಿದಾಗ ಪರಿಮಳ ಹೊರಗೆ ಬರುತ್ತೆ.

3. ಈಗ ಬಿಸಿ ಹಾಲು, ಇಲ್ಲ ನೀರು, ಇಲ್ಲ ಅರ್ಧ ಅರ್ಧ, ಒಟ್ಟು 200 ಎಂಎಲ್, ಮೊದಲು ಸ್ವಲ್ಪ ಹಾಕಿ ಕಲಕಿ, ಆಮೇಲೆ ಉಳಿದದ್ದು.

4. ಸ್ಟವ್ ಇದ್ರೆ ಎಲ್ಲಾ ಸೇರಿಸಿ ಸಣ್ಣ ಉರೀಲಿ ಎರಡು ನಿಮಿಷ ಕುದಿಸಿ, ಕೋಕೋದಲ್ಲೇ ಇರೋ ಪಿಷ್ಟ ಬೆಂದು ಸ್ವಲ್ಪ ಗಟ್ಟಿ ಆಗುತ್ತೆ, ತಳದಲ್ಲಿ ಕೆಸರು ಕೂರೋದೂ ಕಮ್ಮಿ ಆಗುತ್ತೆ. ಕೈ ಬಿಡದೇ ಕಲಕಿ, ತಳ ಹಿಡಿದ್ರೆ ಆ ಸುಟ್ಟ ವಾಸನೆ ಯಾವ ಸಕ್ಕರೆ ಹಾಕಿದ್ರೂ ಹೋಗಲ್ಲ.

ಬರೀ ಎಲೆಕ್ಟ್ರಿಕ್ ಕೆಟಲ್ ಇರೋರು ಅದರಲ್ಲಿ ಹಾಲು ಕಾಯಿಸ್ಬೇಡಿ, ಹಾಲು ಉಕ್ಕುತ್ತೆ, ಕಾಯಿಲ್ ಇರೋ ತಳಕ್ಕೆ ಸುಟ್ಟು ಅಂಟುತ್ತೆ, ಆಮೇಲೆ ಕಾಯಿಸಿದ ನೀರಿಗೂ ಅದೇ ವಾಸನೆ. ನೀರು ಮಾತ್ರ ಕಾಯಿಸಿ, ಪೇಸ್ಟ್ ಮಾಡಿ, ನೀರಲ್ಲೇ ಕೋಕೋ ಕಲಸಿ, ಎರಡು ಚಮಚ ಹಾಲಿನಪುಡಿನ ಒಣದರ ಜೊತೆಗೇ ಬೆರೆಸಿಟ್ಟಿರಿ. ನನಗೆ ಈಗ್ಲೂ ಈ ಕಪ್ಪೇ ಇಷ್ಟ, ಹಾಲು ಜಾಸ್ತಿ ಆದ್ರೆ ಕೋಕೋದ ಹಣ್ಣುಹಣ್ಣಾದ ಹುಳಿ ಮುಚ್ಚಿಹೋಗುತ್ತೆ, ನೀರಲ್ಲಿ ಅದು ಚೆನ್ನಾಗಿ ಕಾಣಿಸುತ್ತೆ.

ನೊರೆ ಬೇಕು ಅಂತ ಫ್ರಾದರ್ ಕೊಳ್ಳೋದು ಬೇಡ. ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿ ಮ್ಯೂಸಿಯಂನಲ್ಲಿ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಒಂದು ಚಿತ್ರ ಬರೆದ ಪಾತ್ರೆ ಇದೆ, ಕ್ರಿ.ಶ. 670ರಿಂದ 750ರ ಮಧ್ಯದ್ದು, ಅದರ ಮೇಲೆ ಒಬ್ಬ ಹೆಂಗಸು ನಿಂತ್ಕೊಂಡು ಎತ್ತರದಿಂದ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಕೋಕೋ ಸುರೀತಿದ್ದಾಳೆ. ಎರಡು ಲೋಟ ತಗೊಂಡು ಒಂದು ಮೊಳ ಎತ್ತರದಿಂದ ಏಳೆಂಟು ಸಲ ಸುರಿದಾಡಿ, ಸಾವಿರದ ಮುನ್ನೂರು ವರ್ಷದ ಹಿಂದಿನ ವಿಧಾನ ಇವತ್ತಿಗೂ ಕೆಲಸ ಮಾಡುತ್ತೆ, ಹಾಗೇ ಕುಡಿಯೋ ಹದಕ್ಕೆ ಆರುತ್ತೆ ಕೂಡ.

ಪರೀಕ್ಷೆ ವಾರಕ್ಕೆ ಒಂದು ಬಾಟಲಿ ಸಿರಪ್

ದಿನಾ ಪೇಸ್ಟ್ ತಿಕ್ಕೋಕೆ ಟೈಮಿಲ್ಲದಾಗ ಭಾನುವಾರವೇ ಸಿರಪ್ ಮಾಡಿಟ್ಕೊಳ್ಳಿ. 50 ಗ್ರಾಂ ಕೋಕೋ, 100 ಗ್ರಾಂ ಸಕ್ಕರೆ, ಎರಡು ಚಿಟಿಕೆ ಉಪ್ಪು ಒಣದಾಗಿ ಬೆರೆಸಿ, 150 ಎಂಎಲ್ ನೀರು ಸ್ವಲ್ಪಸ್ವಲ್ಪವೇ ಹಾಕ್ತಾ ಕಲಸಿ, ಸಣ್ಣ ಉರೀಲಿ ಮೂರು ನಿಮಿಷ ಕುದಿಸಿ ಇಳಿಸಿ. ಬಿಸಿ ಇದ್ದಾಗ ತೆಳ್ಳಗೆ ಕಾಣಿಸುತ್ತೆ, ಇನ್ನೂ ಕುದಿಸೋಣ ಅನ್ಸುತ್ತೆ, ಬೇಡ, ಆರಿದ ಮೇಲೆ ತಾನೇ ಗಟ್ಟಿ ಆಗುತ್ತೆ. ತೊಳೆದು ಪೂರ್ತಿ ಒಣಗಿಸಿದ ಬಾಟಲಿಗೆ ಹಾಕಿ ಫ್ರಿಜ್ಜಲ್ಲಿಟ್ರೆ ಎರಡು ವಾರ ಇರುತ್ತೆ, ಒದ್ದೆ ಚಮಚ ಮಾತ್ರ ಅದ್ದಬೇಡಿ.

ಇದರಿಂದ ಸುಮಾರು ಏಳು ಕಪ್ ಆಗುತ್ತೆ, ಕಪ್ಪಿಗೆ ಎರಡು ದೊಡ್ಡ ಚಮಚ. ಒಣಪುಡಿ ತಣ್ಣನೆ ಹಾಲಲ್ಲಿ ಬೇಗ ಬೆರೆಯಲ್ಲ, ಈ ಸಿರಪ್ ಮಾತ್ರ ತಕ್ಷಣ ಬೆರೆಯುತ್ತೆ, ಹಾಗಾಗಿ ಕೋಲ್ಡ್ ಕೋಕೋಗೆ ಇದೇ ದಾರಿ. ಕಾಫೀಗೆ ಒಂದು ಚಮಚ ಹಾಕಿದ್ರೆ ಮೋಕಾ ಆಯ್ತು. ಬ್ರೆಡ್ಡಿಗೆ, ಬಾಳೆಹಣ್ಣಿಗೆ, ಮೊಸರಿಗೆ, ಎಲ್ಲದಕ್ಕೂ ಆಗುತ್ತೆ.

ತಿನ್ನೋದಕ್ಕೆ

ಬೆಳಗ್ಗೆ ಕ್ಲಾಸಿಗೆ ಓಡೋರಿಗೆ ಓಟ್ಸ್. ಅರ್ಧ ಕಪ್ ಓಟ್ಸಿಗೆ ಒಂದು ದೊಡ್ಡ ಚಮಚ ಕೋಕೋ, ಚಿಟಿಕೆ ಉಪ್ಪು, ಒಂದು ಕಪ್ ಹಾಲು ಇಲ್ಲ ನೀರು, ಕುದಿಸಿ, ಕೊನೇಲಿ ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ ಹಾಕಿ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದ ಹಣ್ಣಿದ್ರೆ ಸಕ್ಕರೆನೇ ಬೇಡ, ಅಂಗಡೀಲಿ ಅದನ್ನ ಎಷ್ಟೋ ಸಲ ಕಮ್ಮಿಗೂ ಕೊಟ್ಬಿಡ್ತಾರೆ. ರಾತ್ರಿನೇ ಎಲ್ಲಾ ಕಲಸಿ ಫ್ರಿಜ್ಜಲ್ಲಿಟ್ರೂ ಆಗುತ್ತೆ, ಬೆಳಗಾಗೋ ಹೊತ್ತಿಗೆ ಪುಡಿ ನೆನೆದು ತಾನೇ ಬೆರೆತಿರುತ್ತೆ.

ಪುಡ್ಡಿಂಗ್ ಇನ್ನೂ ಸುಲಭ. 250 ಎಂಎಲ್ ಹಾಲಿಗೆ ಒಂದೂವರೆ ದೊಡ್ಡ ಚಮಚ ಕೋಕೋ, ಒಂದೂವರೆ ಚಮಚ ಕಾರ್ನ್‌ಫ್ಲೋರ್, ಎರಡು ಚಮಚ ಸಕ್ಕರೆ. ಒಣದು ಮೊದಲು ಬೆರೆಸಿ, ತಣ್ಣನೆ ಹಾಲು ಸ್ವಲ್ಪ ಹಾಕಿ ನುಣ್ಣಗೆ ಕಲಸಿ, ಉಳಿದ ಹಾಲು ಸೇರಿಸಿ ಒಲೆ ಮೇಲಿಡಿ. ಗುಳುಗುಳು ಅಂತ ದಪ್ಪ ಗುಳ್ಳೆ ಬಂದ ಮೇಲೂ ಒಂದು ನಿಮಿಷ ಬೇಯಿಸಿ, ಇಲ್ಲಾಂದ್ರೆ ಹಸಿ ಹಿಟ್ಟಿನ ರುಚಿ ಉಳಿಯುತ್ತೆ.

ಮಗ್ ಕೇಕ್ ಬಗ್ಗೆ ಎಲ್ಲರೂ ಕೇಳ್ತಾರೆ. ದೊಡ್ಡ ಮಗ್ಗಲ್ಲಿ ನಾಲ್ಕು ದೊಡ್ಡ ಚಮಚ ಮೈದಾ, ಎರಡು ಚಮಚ ಕೋಕೋ, ಎರಡೂವರೆ ಚಮಚ ಸಕ್ಕರೆ, ಕಾಲು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಐದು ಚಮಚ ಹಾಲು, ಎರಡು ಚಮಚ ಎಣ್ಣೆ, ಮೊಟ್ಟೆ ಬೇಡ. ಮಗ್ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಮೈಕ್ರೋವೇವಲ್ಲಿ 60 ಸೆಕೆಂಡಿಟ್ಟು ನೋಡಿ, ಮೇಲೆ ಒದ್ದೆ ಹೊಳಪು ಇದ್ರೆ ಹತ್ತು ಹತ್ತು ಸೆಕೆಂಡ್ ಜಾಸ್ತಿ ಮಾಡಿ. ನಡುವೆ ಒಂಚೂರು ಮೆತ್ತಗಿರೋವಾಗ್ಲೇ ತೆಗೀಬೇಕು, ಪೂರ್ತಿ ಬೇಯ್ಲಿ ಅಂತ ಬಿಟ್ರೆ ರಬ್ಬರ್ ಆಗುತ್ತೆ. ಈ ಅಳತೇಲಿ ಬೇಕಿಂಗ್ ಪೌಡರ್ ಇರೋದ್ರಿಂದ ಯಾವ ಕೋಕೋ ಆದ್ರೂ ನಡೆಯುತ್ತೆ. ಆದ್ರೆ ಬೇರೆ ರೆಸಿಪೀಲಿ ಬರೀ ಅಡುಗೆ ಸೋಡಾ ಇದ್ದು ಮೊಸರು, ನಿಂಬೆರಸದಂಥ ಹುಳಿ ಏನೂ ಇಲ್ದಿದ್ರೆ ನ್ಯಾಚುರಲ್ ಪುಡಿನೇ ಬೇಕು, ಸೋಡಾ ಉಬ್ಬೋಕೆ ಆ ಪುಡಿಯ ಹುಳಿ ಬೇಕಾಗುತ್ತೆ. ಡಚ್ ಪುಡಿ ಹಾಕಿದ್ರೆ ಸರಿಯಾಗಿ ಉಬ್ಬಲ್ಲ, ಸೋಪಿನ ಥರ ರುಚಿನೂ ಬರಬಹುದು.

ರೆಸಿಪೀಲಿ ಸಕ್ಕರೆ ಇಲ್ಲದ ಬೇಕಿಂಗ್ ಚಾಕೊಲೇಟ್ 28 ಗ್ರಾಂ ಅಂತ ಇದ್ರೆ ಅದಕ್ಕೋಸ್ಕರ ಬಾರ್ ಕೊಳ್ಳೋದು ಬೇಡ, ಮೂರು ದೊಡ್ಡ ಚಮಚ ಕೋಕೋಗೆ ಒಂದು ಚಮಚ ಎಣ್ಣೆ ಇಲ್ಲ ಬೆಣ್ಣೆ ಸೇರಿಸಿದ್ರೆ ಸಮ ಆಗುತ್ತೆ. ಬಾರ್ ಇದ್ದು ಕರಗಿಸೋದಾದ್ರೆ ಪಾತ್ರೆ, ಚಮಚ ಪೂರ್ತಿ ಒಣಗಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ, ನಾಲ್ಕು ಹನಿ ನೀರಿದ್ರೂ ಸಾಕು, ನುಣ್ಣಗಿದ್ದ ಚಾಕೊಲೇಟ್ ಕ್ಷಣದಲ್ಲಿ ಮರಳು ಮರಳಾಗಿ ಬಿಗಿದ್ಕೊಳ್ಳುತ್ತೆ. ಹಾಗಾದ್ರೆ ಎಸೀಬೇಡಿ ದಯವಿಟ್ಟು, ಒಂದೊಂದೇ ಚಮಚ ಬಿಸಿನೀರು ಹಾಕಿ ಕಲಕ್ತಾ ಹೋಗಿ, ಮತ್ತೆ ಸಡಿಲ ಆಗಿ ಒಳ್ಳೆ ಸಾಸ್ ಆಗುತ್ತೆ.

ಖಾರದ ಅಡುಗೆಗೂ ಹಾಕ್ಬಹುದು, ಇದನ್ನ ಜನ ನಂಬೋದೇ ಇಲ್ಲ. ಟೊಮ್ಯಾಟೊ, ಕಾಳು, ಒಣಮೆಣಸಿನಕಾಯಿ ಇರೋ ಗಟ್ಟಿ ಗ್ರೇವಿಗೆ ನಾಲ್ಕು ಜನರ ಅಳತೇಲಿ ಒಂದು ಟೀ ಚಮಚ ಕೋಕೋನ ಬಿಸಿನೀರಲ್ಲಿ ಪೇಸ್ಟ್ ಮಾಡಿ ಕೊನೇ ಹದಿನೈದು ನಿಮಿಷ ಇರೋವಾಗ ಸೇರಿಸಿ. ಚಾಕೊಲೇಟ್ ರುಚಿ ಬರಲ್ಲ, ಗ್ರೇವಿ ಬಹಳ ಹೊತ್ತು ಬೆಂದ ಹಾಗೆ ದಟ್ಟ ಆಗುತ್ತೆ, ಟೊಮ್ಯಾಟೊ ಹುಳಿ ಮೊನಚು ಇಳಿಯುತ್ತೆ. ಎರಡು ಚಮಚ ದಾಟಿದ್ರೆ ಕಹಿ, ಮೊದಲ ಸಲ ಒಂದರಲ್ಲೇ ನಿಲ್ಲಿಸಿ.

ನಿಬ್ಸ್, ಇಡೀ ಬೀಜ, ಸಿಪ್ಪೆ

ಯಾರಾದ್ರೂ ನಿಬ್ಸ್ ಕೊಟ್ರೆ ಒಂದು ಚಮಚನ ಕಾಫಿ ಪುಡಿ ಜೊತೆ ಒರಟಾಗಿ ಪುಡಿ ಮಾಡಿ ಫಿಲ್ಟರಿಗೆ ಹಾಕಿ, ಉಳಿದದ್ದನ್ನ ಓಟ್ಸ್ ಮೇಲೆ ಉದುರಿಸಿ. ಇಡೀ ಬೀಜ ಸಿಕ್ರೆ ಹಸಿಯಾಗಿ ತಿನ್ಬೇಡಿ, ಹುದುಗಿಸಿ ಬಯಲಲ್ಲಿ ಒಣಗಿಸಿರ್ತಾರೆ, ಸಿಪ್ಪೆ ಮೇಲೆ ಸಾಲ್ಮೊನೆಲ್ಲಾ ಥರದ ರೋಗಾಣು ಇರಬಹುದು. ದಪ್ಪ ತಳದ ಬಾಣಲೇಲಿ ಸಣ್ಣ ಉರಿಗೆ ಕೈಯಾಡಿಸ್ತಾ ಇಪ್ಪತ್ತು ನಿಮಿಷದ ಹತ್ತಿರ ಹುರೀರಿ, ಚಟಪಟ ಸದ್ದು ಶುರುವಾಗಿ ಹುಳಿ ವಾಸನೆ ಹೋಗಿ ಕೇಕಿನ ವಾಸನೆ ಬಂದಾಗ ಇಳಿಸಿ, ಆರಿದ ಮೇಲೆ ಬೆರಳಲ್ಲಿ ಒತ್ತಿದ್ರೆ ಸಿಪ್ಪೆ ಬಿಡುತ್ತೆ. ಸಿಪ್ಪೆ ಕುದಿಸಿ ಟೀ ಥರ ಕುಡಿಯೋರಿದ್ದಾರೆ, ಕುಡಿಯೋಕೆ ಅಂತಲೇ ಶುಚಿ ಮಾಡಿ ಮಾರೋ ಸಿಪ್ಪೆ ಆದ್ರೆ ಮಾತ್ರ ಸರಿ, ಮಣ್ಣು, ಧೂಳು, ಅದರ ಜೊತೆ ಬರೋ ಲೋಹದ ಅಂಶ ಹೊರಮೈಗೇ ಅಂಟಿರುತ್ತೆ.

ಎಷ್ಟು ಕುಡೀಬಹುದು

7 ಗ್ರಾಂ ಪುಡೀಲಿ ಕೆಫೀನ್ ಸುಮಾರು 16 ಮಿಲಿಗ್ರಾಂ, ಒಂದು ಕಪ್ ಬ್ಲ್ಯಾಕ್ ಕಾಫೀಲಿರೋದರ ಐದನೇ ಒಂದು ಭಾಗದಷ್ಟು. ಥಿಯೋಬ್ರೊಮಿನ್ ಅನ್ನೋ ಅದರ ತಮ್ಮ ಮಾತ್ರ 140 ಮಿಲಿಗ್ರಾಂ ಹತ್ತಿರ ಇರುತ್ತೆ, ಅದು ಕೆಫೀನಿಗಿಂತ ಮೆತ್ತಗೆ, ಆದ್ರೆ ದೇಹದಲ್ಲಿ ಬಹಳ ಹೊತ್ತು ಉಳಿಯುತ್ತೆ. ನಿದ್ದೆ ಸೂಕ್ಷ್ಮ ಇರೋರು ಮಲಗೋ ಹೊತ್ತಿಗೆ ಕುಡಿಯೋದು ಬೇಡ. ಹೃದಯದ ತೊಂದರೆ ಇರೋರು, ಖಿನ್ನತೆಗೆ ಮಾತ್ರೆ ತಗೊಳ್ಳೋರು ಸೆರಿಮೋನಿಯಲ್ ಅಂತ ಒಮ್ಮೆಗೆ 40 ಗ್ರಾಂ ಕುಡಿಯೋ ಮುಂಚೆ ಡಾಕ್ಟರನ್ನ ಕೇಳಲೇಬೇಕು. ಕೋಕೋ ಗಿಡ ಮಣ್ಣಿಂದ ಕ್ಯಾಡ್ಮಿಯಂ ಅನ್ನೋ ವಿಷಕಾರಿ ಲೋಹ ಹೀರ್ಕೊಳ್ಳುತ್ತೆ, ಯುರೋಪಿಯನ್ ಯೂನಿಯನ್ ಇದೇ ಕಾರಣಕ್ಕೆ 2019ರಿಂದ ಕೋಕೋ ಪೌಡರಿಗೆ ಕಿಲೋಗೆ 0.6 ಮಿಲಿಗ್ರಾಂ ಮಿತಿ ಹಾಕಿದೆ. ದಿನಕ್ಕೆ ಒಂದೆರಡು ಚಮಚದಲ್ಲಿ ಇರಿ, ಒಳ್ಳೇದು ಅಂತ ಅರ್ಧ ಕಪ್ ಪುಡಿ ಹಾಕೋದು ಬೇಡ. ಊಟದ ಜೊತೆಗೂ ಬೇಡ, ಊಟದ ಕಬ್ಬಿಣಾಂಶನ ದೇಹ ಹೀರೋದನ್ನ ಕೋಕೋ ಕಮ್ಮಿ ಮಾಡುತ್ತೆ, ರಕ್ತ ಕಮ್ಮಿ ಇರೋರು ಊಟಕ್ಕೂ ಇದಕ್ಕೂ ಒಂದೆರಡು ಗಂಟೆ ಬಿಡಿ. ಮತ್ತೆ, ಕ್ಯಾಂಪಸ್ ನಾಯಿಗೆ ಪ್ರೀತಿಯಿಂದ ಒಂದು ಗುಟುಕೂ ಹಾಕ್ಬೇಡಿ, ಥಿಯೋಬ್ರೊಮಿನ್ ನಾಯಿಗೆ ವಿಷ, ಚಾಕೊಲೇಟ್ ಬಾರ್‌ಗಿಂತ ಈ ಪುಡೀಲಿ ಅದು ಇನ್ನೂ ಜಾಸ್ತಿ ಇರುತ್ತೆ.

ಇಡೋದು ಹೇಗೆ

ಪುಡಿನ ಬಿಗಿ ಮುಚ್ಚಳದ ಡಬ್ಬೀಲಿ, ಕತ್ತಲೇಲಿ, ಒಲೆ ಪಕ್ಕ ಅಲ್ಲದ ಕಡೆ ಇಡಿ. ಫ್ರಿಜ್ ಬೇಡ, ಹೊರಗೆ ತೆಗೆದಾಗೆಲ್ಲ ತೇವ ಕೂತು ಗಂಟಾಗುತ್ತೆ, ಬೂಷ್ಟೂ ಬರಬಹುದು. ಕುದಿಯೋ ಪಾತ್ರೆ ಮೇಲೆ ನೇರ ಪ್ಯಾಕೆಟ್ ಬಗ್ಗಿಸಿ ಸುರಿಯೋದನ್ನೂ ಬಿಡಿ, ಆವಿ ಒಳಗೆ ಹೋಗುತ್ತೆ. ಒಣಗಿದ ಜಾಗದಲ್ಲಿದ್ರೆ ಪುಡಿ ಎರಡು ವರ್ಷ ಇರುತ್ತೆ, ಆಮೇಲೆ ಕೆಡೋದಕ್ಕಿಂತ ಪರಿಮಳ ಸೋರಿಹೋಗೋದೇ ಜಾಸ್ತಿ. ಚಾಕೊಲೇಟ್ ಬಾರ್ ಮೇಲೆ ಬಿಳಿ ಪೊರೆ ಬಂದಿದ್ರೆ ಅದು ಸಾಮಾನ್ಯವಾಗಿ ಬೂಷ್ಟಲ್ಲ, ಕೋಕೋ ಬಟರ್ ಕರಗಿ ಮತ್ತೆ ಗಟ್ಟಿ ಆಗಿರೋದು, ಕರಗಿಸಿ ಕುಡಿಯೋಕೆ ಅಡ್ಡಿ ಇಲ್ಲ.

ಸಿರಪ್ ಬಾಟಲಿ ಖಾಲಿ ಆಯ್ತು ಅನ್ನಿಸಿದಾಗ ಗೋಡೆಗೆ, ಮೂಲೆಗೆ ಅಂಟಿರೋದು ಇನ್ನೊಂದು ಅರ್ಧ ಕಪ್ಪಿಗೆ ಆಗುವಷ್ಟಿರುತ್ತೆ, ಬೆಚ್ಚಗಿನ ಹಾಲು ಅದಕ್ಕೇ ಹಾಕಿ, ತೀರಾ ಬಿಸಿ ಹಾಕಿದ್ರೆ ಗಾಜು ಸೀಳುತ್ತೆ, ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ, ಬಾಟಲಿಯಿಂದಲೇ ಕುಡೀರಿ.